ಕಾಫಿ, ಟೀ ಮತ್ತು ಕಿಡ್ನಿ: ನಿಮ್ಮ ಲೋಟದ ಲೆಕ್ಕ ನೀವೇ ಹಾಕಿಕೊಳ್ಳುವ ಸಮಗ್ರ ಮಾರ್ಗದರ್ಶಿ

"ಅಷ್ಟೊಂದು ಕಾಫಿ ಕುಡೀಬೇಡ, ಕಿಡ್ನಿ ಹೋಗುತ್ತೆ." ನಮ್ಮ ಕೋಲಾರದ ಕಡೆ ಈ ಮಾತು ಕೇಳದ ಮನೆ ಇಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಹಾಗೆ ಹೇಳುವವರೇ ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ದಿನಾ ನುಂಗುತ್ತಿರುತ್ತಾರೆ. ಬಿಪಿ ನೋಡಿಸಿ ವರ್ಷವಾಗಿರುತ್ತದೆ. ಶುಗರ್ ಇದೆ ಅಂತ ಗೊತ್ತಿದ್ದರೂ ಲೋಟಕ್ಕೆ ಎರಡು ಚಮಚ ಸಕ್ಕರೆ ಬೀಳುತ್ತಿರುತ್ತದೆ. ಕಿಡ್ನಿ ಕೆಡಿಸುವ ದೊಡ್ಡ ಕಾರಣಗಳು ಇವೇ. ಬೈಗುಳ ಮಾತ್ರ ಕಾಫಿಗೆ.

ಹಾಗಂತ ಕಾಫಿ, ಟೀ ಎಲ್ಲರಿಗೂ ಎಷ್ಟು ಬೇಕಾದರೂ ಸರಿ ಅಂತಲೂ ಅಲ್ಲ. ಆರೋಗ್ಯವಾಗಿರುವವರಿಗೆ ಒಂದು ಲೆಕ್ಕ, ಬಿಪಿ ಇರುವವರಿಗೆ ಇನ್ನೊಂದು, ಕಿಡ್ನಿ ಕಾಯಿಲೆ ಈಗಾಗಲೇ ಇರುವವರಿಗೆ ಮತ್ತೊಂದು. ನೀವು ಯಾರ ಸಾಲಿನಲ್ಲಿದ್ದೀರಿ, ದಿನಕ್ಕೆ ನಿಜವಾಗಿ ಎಷ್ಟು ಕೆಫೀನ್ ಹೋಗುತ್ತಿದೆ, ಎಲ್ಲಿ ಕಡಿಮೆ ಮಾಡಬೇಕು ಅನ್ನುವುದನ್ನು ಮನೆಯಲ್ಲೇ ಕಂಡುಕೊಳ್ಳುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಒಂದು ಪೆನ್ನು, ಒಂದು ಹಾಳೆ, ನಿಮ್ಮ ಕಾಫಿಪುಡಿ ಪ್ಯಾಕೆಟ್ಟು, ಸಾಧ್ಯವಾದರೆ ಒಂದು ಬಿಪಿ ಮೆಷಿನ್ನು, ಇಷ್ಟಿದ್ದರೆ ಸಾಕು.

ಮೊದಲು: ಕೆಫೀನ್ ಒಳಗೆ ಹೋಗಿ ಏನು ಮಾಡುತ್ತದೆ

ನಮ್ಮ ಮೈಯಲ್ಲಿ ಅಡಿನೋಸಿನ್ ಅನ್ನುವ ವಸ್ತು ಇದೆ. ಮೆದುಳಿಗೆ "ಸುಸ್ತಾಯ್ತು, ಮಲಗು" ಅಂತ ಹೇಳುವುದು ಇದರ ಕೆಲಸ. ಕೆಫೀನ್ ಹೋಗಿ ಅದರ ಜಾಗದಲ್ಲಿ ಕೂತುಬಿಡುತ್ತದೆ. ಅದಕ್ಕೇ ಕಾಫಿ ಕುಡಿದರೆ ನಿದ್ದೆ ಹಾರುವುದು. ಕಿಡ್ನಿಯಲ್ಲೂ ಅಡಿನೋಸಿನ್‌ಗೆ ಕೆಲಸವಿದೆ. ಅದನ್ನು ತಡೆದಾಗ ಕಿಡ್ನಿ ವಾಪಸ್ ಹೀರಿಕೊಳ್ಳುವ ಉಪ್ಪು ಸ್ವಲ್ಪ ಕಡಿಮೆಯಾಗುತ್ತದೆ. ಉಪ್ಪಿನ ಜೊತೆ ನೀರೂ ಹೋಗುತ್ತದೆ. ಕಾಫಿ ಕುಡಿದ ಸ್ವಲ್ಪ ಹೊತ್ತಿಗೆ ಮೂತ್ರಕ್ಕೆ ಅವಸರವಾಗುವುದಕ್ಕೆ ಇದೂ ಒಂದು ಕಾರಣ.

ದಿನಾ ಕುಡಿಯುವವರಲ್ಲಿ ಈ ಪರಿಣಾಮ ಬಹಳ ಇಳಿದಿರುತ್ತದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಕಾಫಿ ರೂಢಿಯಿದ್ದ 50 ಗಂಡಸರಿಗೆ ದಿನಕ್ಕೆ 200 ಮಿ.ಲೀ.ನ ನಾಲ್ಕು ಕಪ್ ಕಾಫಿ ಕೊಟ್ಟು, ಅವರಿಗೇ ಬೇರೆ ದಿನ ಅಷ್ಟೇ ನೀರು ಕೊಟ್ಟು ಹೋಲಿಸಿದರು. ಮೈಯ ನೀರಿನಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು 2014ರಲ್ಲಿ ಪ್ರಕಟವಾಯಿತು. ಹಾಗಾಗಿ "ಕಾಫಿ ಕುಡಿದರೆ ಮೈ ನೀರೆಲ್ಲ ಇಂಗಿಹೋಗುತ್ತೆ" ಅನ್ನುವ ಹೆದರಿಕೆ ಮಿತವಾಗಿ ಕುಡಿಯುವವರಿಗೆ ಬೇಡ.

ಕಿಡ್ನಿಯ ದೃಷ್ಟಿಯಿಂದ ಮುಖ್ಯವಾದದ್ದು ಬಿಪಿ. ಕೆಫೀನ್ ಹೋದ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಬಿಪಿ ಕೆಲವು ಅಂಕ ಏರಬಹುದು, ಕೆಲವು ಗಂಟೆ ಹಾಗೇ ಇರಬಹುದು. ರೂಢಿಯಾದವರಲ್ಲಿ ಈ ಏರಿಕೆ ಕಡಿಮೆ. ಆದರೆ ಎಲ್ಲರಲ್ಲೂ ಒಂದೇ ಥರ ಅಲ್ಲ. ಕೆಫೀನನ್ನು ಕರಗಿಸುವುದು ಲಿವರ್. ಅರ್ಧದಷ್ಟು ಕರಗಲು ಸರಾಸರಿ 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ 11ಕ್ಕೂ ರಕ್ತದಲ್ಲಿ ಸುತ್ತುತ್ತಿರುತ್ತದೆ. ಕೆಲವರ ಲಿವರ್ ಹುಟ್ಟಿನಿಂದಲೇ ನಿಧಾನ. ಅಂಥವರಿಗೆ ಇನ್ನೂ ಹೊತ್ತು ಬೇಕು.

ಈ ನಿಧಾನದ ವಿಷಯ ಸುಮ್ನೆ ಹೇಳುತ್ತಿಲ್ಲ. ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಕಾಫಿ ಕುಡಿಯುವವರಿಗೆ ಕಿಡ್ನಿ ಕಾಯಿಲೆ ಬರುವ ಸಂಭವ ಉಳಿದವರಷ್ಟೇ, ಇಲ್ಲವೇ ಸ್ವಲ್ಪ ಕಡಿಮೆ ಅಂತ ಬಹುತೇಕ ಕಂಡಿದೆ. ಕಿಡ್ನಿ ಕಲ್ಲಿನ ಸಂಭವವೂ ಕಡಿಮೆಯೇ. ಆದರೆ 2023ರಲ್ಲಿ ಬಂದ ಇಟಲಿಯ ಒಂದು ಅಧ್ಯಯನ ಬೇರೆ ಮಾತು ಹೇಳಿತು. ಬಿಪಿ ಈಗಷ್ಟೇ ಶುರುವಾಗಿದ್ದ 45ರೊಳಗಿನವರನ್ನು ಅವರು ನೋಡಿದ್ದರು. ದಿನಕ್ಕೆ ಮೂರಕ್ಕಿಂತ ಜಾಸ್ತಿ ಕಪ್ ಕುಡಿಯುತ್ತಿದ್ದ, ಕೆಫೀನ್ ನಿಧಾನವಾಗಿ ಕರಗುವ ಗುಣದವರಲ್ಲಿ ಮೂತ್ರದಲ್ಲಿ ಅಲ್ಬುಮಿನ್ (ರಕ್ತದಲ್ಲಿರಬೇಕಾದ ಒಂದು ಪ್ರೋಟೀನ್) ಹೋಗುವುದು, ಬಿಪಿ ಏರುವುದು ಹೆಚ್ಚಿತ್ತು. ಬೇಗ ಕರಗುವವರಲ್ಲಿ ಹಾಗೆ ಕಾಣಲಿಲ್ಲ. ನಿಮ್ಮದು ಯಾವ ಗುಣ ಅಂತ ತಿಳಿಯಲು ಜೀನ್ ಟೆಸ್ಟಿಗೆ ಓಡಬೇಕಿಲ್ಲ. ಕೆಳಗೆ ಹೇಳಿರುವ ಬಿಪಿ ಪರೀಕ್ಷೆ ಮತ್ತು ಒಂದು ಮೂತ್ರ ಪರೀಕ್ಷೆ ಬೇಕಾದಷ್ಟು ಹೇಳುತ್ತವೆ.

ಹೆಜ್ಜೆ 1: ನೀವು ಯಾರ ಸಾಲಿನಲ್ಲಿದ್ದೀರಿ ನೋಡಿಕೊಳ್ಳಿ

ಬಿಪಿ, ಶುಗರ್, ಕಿಡ್ನಿ ತೊಂದರೆ ಯಾವುದೂ ಇಲ್ಲದ ದೊಡ್ಡವರಿಗೆ ಅಮೆರಿಕ, ಯುರೋಪಿನ ಆಹಾರ ಸಂಸ್ಥೆಗಳು ದಿನಕ್ಕೆ 400 ಮಿ.ಗ್ರಾಂ ಕೆಫೀನ್‌ವರೆಗೆ ಪರವಾಗಿಲ್ಲ ಅನ್ನುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 300 ಮಿ.ಗ್ರಾಂ ದಾಟಬೇಡಿ ಅಂದಿದೆ. ನಮ್ಮವರಿಗಾಗಿ ಬರೆದದ್ದು, ಆದ್ದರಿಂದ ನಾನು 300 ಅನ್ನೇ ಹಿಡಿಯುತ್ತೇನೆ. ಗರ್ಭಿಣಿಯರಿಗೆ 200ರೊಳಗೆ.

ಬಿಪಿ ಅಥವಾ ಶುಗರ್ ಇದ್ದರೆ, ಅಪ್ಪ ಅಮ್ಮನಿಗೆ ಕಿಡ್ನಿ ಕಾಯಿಲೆ ಇದ್ದಿದ್ದರೆ ನೀವು ಎರಡನೇ ಸಾಲು. ಕಾಫಿ ಬಿಡಬೇಕಿಲ್ಲ, ಆದರೆ ಹೆಜ್ಜೆ 3 ಮತ್ತು 4 ತಪ್ಪಿಸುವಂತಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಜಾಸ್ತಿ ಅಂತ ಡಾಕ್ಟರು ಹೇಳಿದ್ದರೆ, ಡಯಾಲಿಸಿಸ್ ಆಗುತ್ತಿದ್ದರೆ, ಕಿಡ್ನಿಯಲ್ಲಿ ನೀರುಗುಳ್ಳೆಗಳಾಗುವ ವಂಶದ ಕಾಯಿಲೆ ಇದ್ದರೆ ಮೂರನೇ ಸಾಲು. ನೀವು ನೇರವಾಗಿ ಹೆಜ್ಜೆ 8 ಓದಿ, ಆಮೇಲೆ ಉಳಿದದ್ದಕ್ಕೆ ಬನ್ನಿ.

ಹೆಜ್ಜೆ 2: ಪ್ಯಾಕೆಟ್ ಹಿಡಿದು ಲೆಕ್ಕ ಹಾಕಿ

"ದಿನಕ್ಕೆ ಮೂರು ಕಾಫಿ" ಅಂದರೆ ಏನೂ ಹೇಳಿದಂತಾಗಲಿಲ್ಲ. ಒಬ್ಬರ ಲೋಟ 80 ಮಿ.ಲೀ., ಇನ್ನೊಬ್ಬರದು 200. ಮೊದಲು ಲೋಟ ಅಳೆಯಿರಿ. ಮಕ್ಕಳ ಕೆಮ್ಮಿನ ಸಿರಪ್ ಜೊತೆ ಬರುವ ಪುಟ್ಟ ಅಳತೆ ಮುಚ್ಚಳ ಇದೆಯಲ್ಲ, ಅದರಲ್ಲಿ 10 ಮಿ.ಲೀ. ಗೆರೆವರೆಗೆ ನೀರು ತುಂಬಿ ಲೋಟಕ್ಕೆ ಸುರಿಯುತ್ತಾ ಹೋಗಿ. ದಿನಾ ಕಾಫಿ ಬರುವ ಮಟ್ಟಕ್ಕೆ ಎಷ್ಟು ಮುಚ್ಚಳ ಆಯಿತು ಎಣಿಸಿ. ಹಳೇ ಸ್ಟೀಲ್ ಲೋಟ ನೋಡೋಕೆ ಚಿಕ್ಕದು, ಸುರಿದು ನೋಡಿದರೆ 150 ದಾಟುವುದೂ ಉಂಟು.

ರಾಷ್ಟ್ರೀಯ ಪೋಷಣಾ ಸಂಸ್ಥೆ ಕೊಡುವ ಅಂಕಿ ಹೀಗಿದೆ: 150 ಮಿ.ಲೀ. ಕಪ್ ಸೋಸಿದ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಒಂದು ಕಪ್ ಟೀಯಲ್ಲಿ 30ರಿಂದ 65. ಆದರೆ ನಮ್ಮ ಫಿಲ್ಟರ್ ಕಾಫಿಯಲ್ಲಿ ಮುಕ್ಕಾಲು ಹಾಲು, ಕಾಲು ಡಿಕಾಕ್ಷನ್. ಜೊತೆಗೆ ಚಿಕೋರಿ. ಈ ಅಂಕಿ ನೇರವಾಗಿ ಹೊಂದುವುದಿಲ್ಲ. ಅದಕ್ಕೆ ನಾನು ಪ್ಯಾಕೆಟ್ಟಿನಿಂದಲೇ ಲೆಕ್ಕ ಹಾಕುತ್ತೇನೆ. ಅಂದಾಜೇ ಆದರೂ ನಿಮ್ಮ ಮನೆಯ ಅಂದಾಜು.

ನಿಮ್ಮ ಪುಡಿಯ ಪ್ಯಾಕೆಟ್ ಮೇಲೆ ಕಾಫಿ ಎಷ್ಟು ಭಾಗ, ಚಿಕೋರಿ ಎಷ್ಟು ಭಾಗ ಅಂತ ಅಚ್ಚಾಗಿರುತ್ತದೆ. ಕಾನೂನಿನ ಪ್ರಕಾರ ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಿಮೆ ಇರುವಂತಿಲ್ಲ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಕಾಫಿಯಲ್ಲಿ ಅರೇಬಿಕಾ ತಳಿ ಆದರೆ ತೂಕದಲ್ಲಿ ನೂರಕ್ಕೆ ಸುಮಾರು 1.2 ಭಾಗ ಕೆಫೀನ್, ರೋಬಸ್ಟಾ ತಳಿ ಆದರೆ ಸುಮಾರು 2.2 ಭಾಗ. ಈಗ ಒಂದು ಉದಾಹರಣೆ. ಅರ್ಧ ಕೆ.ಜಿ. ಪ್ಯಾಕೆಟ್, 70:30. ಅದರಲ್ಲಿ ಕಾಫಿ 350 ಗ್ರಾಂ. ಎಲ್ಲಾ ಅರೇಬಿಕಾ ಆದರೆ ಒಟ್ಟು ಕೆಫೀನ್ 4.2 ಗ್ರಾಂ, ಎಲ್ಲಾ ರೋಬಸ್ಟಾ ಆದರೆ 7.7 ಗ್ರಾಂ. ನಾಲ್ಕು ಜನ ಸಮನಾಗಿ ಕುಡಿದು 20 ದಿನಕ್ಕೆ ಮುಗಿಸಿದರೆ 80 ಪಾಲು. ಒಬ್ಬರಿಗೆ ದಿನಕ್ಕೆ 52ರಿಂದ 96 ಮಿ.ಗ್ರಾಂ. ಗಸಿಯಲ್ಲಿ ಉಳಿಯುವುದನ್ನು ಕಳೆದರೆ ಇನ್ನೂ ಸ್ವಲ್ಪ ಕಡಿಮೆ. ಎರಡು ಹೊತ್ತು ಕಾಫಿ ಕುಡಿಯುವ ಮನೆ ಇದು. 300ರ ಹತ್ತಿರಕ್ಕೂ ಬರಲಿಲ್ಲ, ಅಲ್ವಾ?

ಟೀಗೂ ಹಾಗೇ. ಒಣ ಟೀಪುಡಿಯಲ್ಲಿ ನೂರಕ್ಕೆ 2ರಿಂದ 4 ಭಾಗ ಕೆಫೀನ್. ಕಾಲು ಕೆ.ಜಿ. ಪ್ಯಾಕೆಟ್ಟಿನಲ್ಲಿ 5ರಿಂದ 10 ಗ್ರಾಂ. ಪ್ಯಾಕೆಟ್ ಒಡೆದ ದಿನ ಅದರ ಮೇಲೇ ತಾರೀಖು ಬರೆದುಬಿಡಿ. ಮುಗಿದ ದಿನ ಭಾಗಿಸಿ. ಮನೆಯಲ್ಲಿ ಒಬ್ಬರೇ ಜಾಸ್ತಿ ಕುಡಿಯುತ್ತಾರೆ ಅಂತಿದ್ದರೆ ಪಾಲು ಅವರಿಗೆ ಜಾಸ್ತಿ ಹಾಕಿ.

ಹೊರಗಿನದು ಬೇರೆ ಸೇರಿಸಬೇಕು. ಕೋಲಾರದ ಎಪಿಎಂಸಿ ಟೊಮೆಟೊ ಮಾರ್ಕೆಟ್ಟಿಗೆ ಬೆಳಿಗ್ಗೆ ಹೋದರೆ ಹಮಾಲರ ಕೈಯಲ್ಲಿ ಚಿಕ್ಕ ಪೇಪರ್ ಕಪ್ಪು. ಒಬ್ಬೊಬ್ಬರು ಮಧ್ಯಾಹ್ನದೊಳಗೆ ಏಳೆಂಟು ಟೀ ಮುಗಿಸುತ್ತಾರೆ. ಕೇಳಿದರೆ ಗಾಬರಿ. ಆದರೆ ಆ ಕಪ್ ಹಿಡಿಸುವುದು 60–70 ಮಿ.ಲೀ. ಎಂಟು ಕಪ್ಪೂ ಸೇರಿದರೆ ಕೆಫೀನ್ ಹೆಚ್ಚೂಕಮ್ಮಿ ಮೂರೂವರೆ ದೊಡ್ಡ ಕಪ್ ಟೀಯಷ್ಟು. ಅವರಿಗೆ ಅಪಾಯ ಇರುವುದು ಟೀಯಲ್ಲಿನ ಸಕ್ಕರೆಯಿಂದ, ಬಿಸಿಲಲ್ಲಿ ಮೂಟೆ ಹೊತ್ತೂ ನೀರು ಕುಡಿಯದೆ ಟೀಯಲ್ಲೇ ಹೊತ್ತು ಕಳೆಯುವುದರಿಂದ.

ಕಾಲೇಜು ಹುಡುಗರು, ಚೆನ್ನೈ ಹೆದ್ದಾರಿಯಲ್ಲಿ ರಾತ್ರಿ ಲಾರಿ ಓಡಿಸುವವರು 20 ರೂಪಾಯಿಯ ಎನರ್ಜಿ ಡ್ರಿಂಕ್ ಬಾಟಲಿಯನ್ನೂ ಬರೆದುಕೊಳ್ಳಬೇಕು. ಇಂಥವುಗಳಲ್ಲಿ ಲೀಟರಿಗೆ 300 ಮಿ.ಗ್ರಾಂ ಮೀರಿ ಕೆಫೀನ್ ಇರಬಾರದು ಅಂತ ನಿಯಮ. 250 ಮಿ.ಲೀ. ಬಾಟಲಿಗೆ 75 ಮಿ.ಗ್ರಾಂ. ಒಂದರಿಂದ ಕಿಡ್ನಿ ಹೋಗುವುದಿಲ್ಲ. ಆದರೆ ತಣ್ಣಗೆ, ಸಿಹಿಯಾಗಿ, ಗಟಗಟ ಇಳಿಯುತ್ತದೆ, ಎರಡು ಮೂರು ಆದದ್ದೇ ಗೊತ್ತಾಗುವುದಿಲ್ಲ. ಮಕ್ಕಳಿಗೆ ಕೊಡಬಾರದು ಅಂತ ಬಾಟಲಿಯ ಮೇಲೇ ಬರೆದಿರುತ್ತದೆ. ದಯವಿಟ್ಟು ಓದಿ. ಹೈಸ್ಕೂಲ್ ಮಕ್ಕಳ ಕೈಯಲ್ಲಿ ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೆಜ್ಜೆ 3: ಕಾಫಿಗೆ ಮುಂಚೆ, ಕಾಫಿಯಾದ ಮೇಲೆ ಬಿಪಿ ನೋಡಿ

ತೋಳಿಗೆ ಪಟ್ಟಿ ಕಟ್ಟುವ ಡಿಜಿಟಲ್ ಮೆಷಿನ್ ಆದರೆ ಒಳ್ಳೆಯದು. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂರಿ. ಮಾತು ಬೇಡ, ಫೋನ್ ಬೇಡ. ಕಾಲು ನೆಲಕ್ಕೆ ಊರಿರಲಿ, ಕೈ ಎದೆಯ ಮಟ್ಟಕ್ಕಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಬರೆದುಕೊಳ್ಳಿ. ಆಮೇಲೆ ದಿನಾ ಕುಡಿಯುವ ಕಾಫಿ ಕುಡಿಯಿರಿ. ಬೀಡಿ, ಸಿಗರೇಟು ಸೇದಬೇಡಿ, ಅದೂ ಬಿಪಿ ಏರಿಸುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಹಾಗೇ ಕೂತು ಎರಡು ಸಲ ನೋಡಿ. ಒಂದೇ ದಿನದ ಅಂಕಿ ನಂಬಬೇಡಿ, ಒಂದು ವಾರ ಮಾಡಿ.

ಕಾಫಿಯಾದ ಮೇಲೆ ಮತ್ತೆ ಮತ್ತೆ 5ರಿಂದ 10 ಅಂಕ ಏರುತ್ತಿದ್ದರೆ ನಿಮ್ಮ ಮೈ ಕೆಫೀನ್‌ಗೆ ಜಗ್ಗುತ್ತದೆ ಅಂತ. ಕಡಿಮೆ ಮಾಡಿ. ಕಾಫಿಗೆ ಮುಂಚೆಯೇ 140/90 ಮೇಲಿದ್ದರೆ ಕಾಫಿಯ ಚರ್ಚೆ ಆಮೇಲೆ, ಮೊದಲು ಡಾಕ್ಟರು. 160/100 ಮೇಲಿರುವವರು ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಕಾಫಿ ಕುಡಿದರೆ ಹೃದಯದ ಕಾಯಿಲೆಯಿಂದ ಸಾಯುವ ಸಂಭವ ದುಪ್ಪಟ್ಟು ಅಂತ ಜಪಾನಿನ ಒಂದು ದೊಡ್ಡ ಅಧ್ಯಯನ 2022ರಲ್ಲಿ ಹೇಳಿದೆ. ಇಷ್ಟು ಬಿಪಿ ಇರುವವರು ಅದು ಹತೋಟಿಗೆ ಬರುವವರೆಗೆ ಒಂದೇ ಕಪ್ಪಿಗೆ ನಿಲ್ಲಿಸುವುದು ಕ್ಷೇಮ.

ಮೆಷಿನ್ ಇಲ್ಲದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಅಲ್ಲಿ ಉಚಿತ. ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾದದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ. ಅವರು ಬಂದಾಗ "ನಂಗೇನೂ ಆಗಿಲ್ಲ ಬಿಡಮ್ಮ" ಅಂತ ವಾಪಸ್ ಕಳಿಸಬೇಡಿ. ಬಿಪಿ ನೋವು ಕೊಡುವುದಿಲ್ಲ, ಕಿಡ್ನಿ ಕಾಯಿಲೆಯೂ ಮೊದಲಲ್ಲಿ ನೋವು ಕೊಡುವುದಿಲ್ಲ.

ಹೆಜ್ಜೆ 4: ಎರಡು ಪರೀಕ್ಷೆ ಮಾಡಿಸಿ, ರಿಪೋರ್ಟ್ ನೀವೇ ಓದಿ

ಒಂದು, ರಕ್ತದಲ್ಲಿ ಕ್ರಿಯಾಟಿನಿನ್. ಎರಡು, ಮೂತ್ರದಲ್ಲಿ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಬಹಳ ಜನ ಮೊದಲನೆಯದನ್ನು ಮಾಡಿಸಿ "ನಾರ್ಮಲ್" ಅಂತ ಮನೆಗೆ ಬರುತ್ತಾರೆ. ಎರಡನೆಯದು ಅದಕ್ಕಿಂತ ಮುಂಚೆ ಸುಳಿವು ಕೊಡುತ್ತದೆ, ಶುಗರ್ ಇರುವವರಲ್ಲಂತೂ ಖಂಡಿತ.

ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಂತ ಒಂದು ಸಾಲು ಇರುತ್ತದೆ. ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು ಅದು. ಬರೆದಿಲ್ಲದಿದ್ದರೆ ಲ್ಯಾಬಿನವರನ್ನೇ ಕೇಳಿ, ವಯಸ್ಸು, ಗಂಡೋ ಹೆಣ್ಣೋ ಅನ್ನುವುದು ಮತ್ತು ಕ್ರಿಯಾಟಿನಿನ್ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. 90 ಮತ್ತು ಮೇಲೆ ಇದ್ದರೆ ಚೆನ್ನಾಗಿದೆ. 60ಕ್ಕಿಂತ ಕೆಳಗೆ ಮೂರು ತಿಂಗಳಾದರೂ ಹಾಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. 30ರ ಕೆಳಗೆ ಅಂದರೆ ಗಂಭೀರ, 15ರ ಕೆಳಗೆ ಡಯಾಲಿಸಿಸ್ ಮಾತು ಬರುತ್ತದೆ. ಮೂತ್ರದ ಅನುಪಾತ ಗ್ರಾಂಗೆ 30 ಮಿ.ಗ್ರಾಂ ಒಳಗಿರಬೇಕು. ಜ್ವರ, ಉರಿಮೂತ್ರ, ಹಿಂದಿನ ದಿನ ಮೈಮುರಿಯುವಷ್ಟು ಕೆಲಸ ಇದ್ದರೂ ಅದು ಏರಬಹುದು. ಆದ್ದರಿಂದ ಒಂದು ಸಲ ಜಾಸ್ತಿ ಬಂದರೆ ಮತ್ತೊಮ್ಮೆ ಮಾಡಿಸಿ. ಖಾಲಿ ಹೊಟ್ಟೆಯ ಶುಗರ್ ಟೆಸ್ಟಿಗೂ ಅದೇ ದಿನ ಹೋಗುವವರು ಕಾಫಿ ಕುಡಿಯದೆ ಹೋಗಿ. ನೀರು ಕುಡಿಯಬಹುದು.

ಹೆಜ್ಜೆ 5: ಲೋಟದೊಳಗಿನ ಉಳಿದದ್ದನ್ನೂ ನೋಡಿ

ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 50 ಗ್ರಾಂ. ಇದು ಕೆಫೀನ್‌ಗಿಂತ ದೊಡ್ಡ ಸಮಸ್ಯೆ. ಕಿಡ್ನಿ ಫೇಲಾಗುವುದಕ್ಕೆ ಮೊದಲ ಕಾರಣವೇ ಸಕ್ಕರೆ ಕಾಯಿಲೆ. ಕಾಫಿಯ ಸಂಖ್ಯೆ ಇಳಿಸುವುದಕ್ಕಿಂತ ಮುಂಚೆ ಸಕ್ಕರೆ ಇಳಿಸಿ. ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡಿದರೆ ನಾಲಿಗೆ ಒಪ್ಪಿಕೊಳ್ಳುತ್ತದೆ.

ಬೆಲ್ಲದ ಕಾಫಿ ಒಳ್ಳೆಯದು ಅಂತ ಎಲ್ಲ ಕಡೆ ಬೋರ್ಡು. ಶುಗರ್ ಇರುವವರಿಗೆ ಬೆಲ್ಲವೂ ಸಕ್ಕರೆಯಂತೆಯೇ ಶುಗರ್ ಏರಿಸುತ್ತದೆ. ಕಿಡ್ನಿ ಕಾಯಿಲೆ ಮುಂದುವರಿದವರಿಗೆ ಇನ್ನೊಂದು ತೊಂದರೆ: ಬೆಲ್ಲದಲ್ಲಿ ಪೊಟ್ಯಾಸಿಯಂ ಅನ್ನುವ ಲವಣ ಸಾಕಷ್ಟಿದೆ, ಅದನ್ನು ಕೆಟ್ಟ ಕಿಡ್ನಿ ಸರಿಯಾಗಿ ಹೊರಗೆ ಹಾಕಲಾರದು. ಸಕ್ಕರೆಯಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು.

ಟೀ ಜೊತೆ ಬರುವ ಬಜ್ಜಿ, ಖಾರ, ಮಿಕ್ಸ್ಚರು, ಕೊನೆಗೆ ಬಿಸ್ಕತ್ತಿನಲ್ಲೂ ಉಪ್ಪಿದೆ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ. ಮುದ್ದೆ, ಉಪ್ಪೆಸರು, ಉಪ್ಪಿನಕಾಯಿ ಎಲ್ಲ ಸೇರಿ ನಾವು ಅದನ್ನು ಮಧ್ಯಾಹ್ನಕ್ಕೇ ದಾಟಿರುತ್ತೇವೆ.

ಹೆಜ್ಜೆ 6: ಯಾವ ನೀರಲ್ಲಿ ಟೀ ಕಾಯಿಸುತ್ತೀರಿ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಿಗೆ ಈ ಹೆಜ್ಜೆ ಬೇರೆಯವರಿಗಿಂತ ಮುಖ್ಯ. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿವೆ. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆಯ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಟೀ ಗಿಡ ಮಣ್ಣಿನಿಂದ ಫ್ಲೋರೈಡ್ ಎಳೆದು ಎಲೆಯಲ್ಲಿ ತುಂಬಿಕೊಳ್ಳುತ್ತದೆ. ಫ್ಲೋರೈಡ್ ಇರುವ ನೀರಿನಲ್ಲಿ ಟೀಪುಡಿ ಹಾಕಿ ಕುದಿಸಿದರೆ ಎರಡೂ ಸೇರಿಕೊಳ್ಳುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಮೈಗೆ ಸೇರಿದ ಫ್ಲೋರೈಡನ್ನು ಹೊರಗೆ ಹಾಕುವುದು ಕಿಡ್ನಿಯೇ. ಕಿಡ್ನಿ ದುರ್ಬಲವಾದವರಲ್ಲಿ ಅದು ಮೂಳೆಯಲ್ಲಿ ಉಳಿಯುತ್ತದೆ.

ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ, ಅಡುಗೆಗೆ, ಟೀಗೆ ನಲ್ಲಿ ನೀರನ್ನೇ ಬಳಸುತ್ತೇವೆ. ಬಹಳ ಮನೆಗಳಲ್ಲಿ ಹೀಗೇ. ಇದನ್ನು ಬದಲಿಸಿ. ಟೀಗೂ, ಅನ್ನಕ್ಕೂ ಘಟಕದ ನೀರು ಅಥವಾ ಚೆನ್ನಾಗಿ ಸೋಸಿಟ್ಟ ಮಳೆನೀರು ಬಳಸಿ.

ಕಲ್ಲಿನ ಭಯ ಇರುವವರಿಗೆ ಒಂದು ಮಾತು. ಟೀಯಲ್ಲಿ ಆಕ್ಸಲೇಟ್ ಇದೆ, ಸಾಮಾನ್ಯ ಕಿಡ್ನಿ ಕಲ್ಲುಗಳಲ್ಲಿ ಇರುವುದೂ ಅದೇ. ಹಾಲು ಹಾಕಿದರೆ ಹಾಲಿನ ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ಆದ್ದರಿಂದ ನಮ್ಮ ಹಾಲಿನ ಟೀಗೆ ಅಷ್ಟು ಹೆದರಬೇಕಿಲ್ಲ. ಹಾಲಿಲ್ಲದ ಕಪ್ಪು ಟೀಯನ್ನು ಲೀಟರುಗಟ್ಟಲೆ ಕುಡಿಯುವುದು ಬೇರೆ ಕಥೆ. ಅಮೆರಿಕದ ಅರ್ಕಾನ್ಸಾದಲ್ಲಿ 56 ವರ್ಷದ ಒಬ್ಬರು ದಿನಕ್ಕೆ 16 ದೊಡ್ಡ ಗ್ಲಾಸ್ ಐಸ್ ಟೀ ಕುಡಿದು ಕಿಡ್ನಿ ಕಳೆದುಕೊಂಡ ಪ್ರಸಂಗ 2015ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಕಲ್ಲಿಗೆ ನಿಜವಾದ ಮದ್ದು ನೀರು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು. ಬಿಸಿಲಲ್ಲಿ ತೋಟದ ಕೆಲಸ ಮಾಡುವವರು ಇನ್ನೂ ಜಾಸ್ತಿ.

ಹೆಜ್ಜೆ 7: ಕಾಫಿ ಜೊತೆ ನುಂಗುವ ಮಾತ್ರೆಗಳು

ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್. ನಿಮ್ಮ ನೋವಿನ ಮಾತ್ರೆಯ ಹಾಳೆ ತಿರುಗಿಸಿ ಈ ಹೆಸರುಗಳಿವೆಯಾ ನೋಡಿ. ಕಿಡ್ನಿಯೊಳಗಿನ ರಕ್ತನಾಳಗಳು ತೆರೆದಿರಲು ಬೇಕಾದ ವಸ್ತುವನ್ನೇ ಇವು ತಡೆಯುತ್ತವೆ. ವಾರಗಟ್ಟಲೆ ನುಂಗಿದರೆ, ಅದರಲ್ಲೂ ವಯಸ್ಸಾದವರು, ಬಿಪಿಗೆ ಟೆಲ್ಮಿಸಾರ್ಟಾನ್ ಥರದ ಮಾತ್ರೆ ಜೊತೆಗೆ ನೀರು ಇಳಿಸುವ ಮಾತ್ರೆಯನ್ನೂ ತೆಗೆದುಕೊಳ್ಳುವವರು ನುಂಗಿದರೆ, ಕಿಡ್ನಿ ದಿಢೀರನೆ ಕೈಕೊಡಬಹುದು. ಬೇಸಿಗೆಯಲ್ಲಿ ವಾಂತಿ ಭೇದಿ ಆದಾಗ ಇದು ಇನ್ನೂ ಅಪಾಯ.

ಕೆಲವು ತಲೆನೋವಿನ ಮಾತ್ರೆಗಳಲ್ಲಿ 30ರಿಂದ 50 ಮಿ.ಗ್ರಾಂ ಕೆಫೀನ್ ಸೇರಿಸಿರುತ್ತಾರೆ. ಅದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ಕಾಫಿ ಸಿಗದೆ ಬಂದ ತಲೆನೋವಿಗೆ ಕೆಫೀನ್ ಇರುವ ಮಾತ್ರೆ ನುಂಗುತ್ತಾ, ಅದೇ ಚಟವಾಗಿ ಹೋದವರಿದ್ದಾರೆ.

ಥೈರಾಯ್ಡ್ ಮಾತ್ರೆ ನುಂಗಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ ಕಾಯಿಲೆಯಿಂದ ರಕ್ತ ಕಡಿಮೆಯಾದವರೂ ಇದರಲ್ಲಿ ಸೇರಿದರು, ಮಾತ್ರೆಗೂ ಊಟಕ್ಕೂ ಒಂದು ಗಂಟೆ ಹಿಂದೆ ಮುಂದೆ ಟೀ ಕಾಫಿ ಮುಟ್ಟಬಾರದು.

ಹೆಜ್ಜೆ 8: ಕಿಡ್ನಿ ಕಾಯಿಲೆ ಈಗಾಗಲೇ ಇದ್ದರೆ

ಇಲ್ಲಿ ಕೆಫೀನ್‌ಗಿಂತ ಪೊಟ್ಯಾಸಿಯಂ, ರಂಜಕ (ಫಾಸ್ಫರಸ್), ನೀರು ಈ ಮೂರರ ಲೆಕ್ಕ ಮುಖ್ಯ. ಮೊದಲ ಹಂತಗಳಲ್ಲಿ, ರಕ್ತದ ಪೊಟ್ಯಾಸಿಯಂ 5ರೊಳಗಿದ್ದು ಬಿಪಿ ಹತೋಟಿಯಲ್ಲಿದ್ದರೆ, ದಿನಕ್ಕೆ ಒಂದೆರಡು ಲೋಟಕ್ಕೆ ಬಹುತೇಕ ಡಾಕ್ಟರುಗಳು ಬೇಡ ಅನ್ನುವುದಿಲ್ಲ. ನೀರುಗುಳ್ಳೆಗಳ ವಂಶದ ಕಾಯಿಲೆ ಇರುವವರು ಮಾತ್ರ ಕೇಳಿಯೇ ಕುಡಿಯಿರಿ. ಮನುಷ್ಯರಲ್ಲಿ ಕೆಡುಕು ಸಾಬೀತಾಗಿಲ್ಲದಿದ್ದರೂ ಪ್ರಯೋಗಶಾಲೆಯ ಅನುಮಾನಗಳಿಂದಾಗಿ ಕಡಿಮೆ ಇಟ್ಟುಕೊಳ್ಳಿ ಅಂತ ಡಾಕ್ಟರುಗಳು ಹೇಳುವುದುಂಟು.

ಕಾಯಿಲೆ ಮುಂದುವರಿದಾಗ ಒಂದು ಲೋಟವನ್ನು ಬಿಡಿಸಿ ನೋಡಿ. 100 ಮಿ.ಲೀ. ಹಾಲು, ಉಳಿದದ್ದು ಡಿಕಾಕ್ಷನ್. ಹಾಲಿನಿಂದ ಸುಮಾರು 140 ಮಿ.ಗ್ರಾಂ ಪೊಟ್ಯಾಸಿಯಂ, ಕಾಫಿಯಿಂದ ಇನ್ನೊಂದಿಷ್ಟು, ಒಟ್ಟು 200ರ ಆಸುಪಾಸು. ಹಾಲಿನಿಂದಲೇ ಸುಮಾರು 90 ಮಿ.ಗ್ರಾಂ ರಂಜಕ. ನಾಲ್ಕು ಲೋಟ ಕುಡಿದರೆ 800 ಪೊಟ್ಯಾಸಿಯಂ, 360 ರಂಜಕ. ಪೊಟ್ಯಾಸಿಯಂ ಏರಿದವರಿಗೆ ಇಡೀ ದಿನಕ್ಕೇ 2000 ಅಂತ ಮಿತಿ ಹಾಕುತ್ತಾರೆ. ಮುದ್ದೆ, ಸೊಪ್ಪು, ಕಾಳಿಗೆ ಏನು ಉಳಿಯಿತು? ಟೀಯಲ್ಲಿ ಪೊಟ್ಯಾಸಿಯಂ ಕಾಫಿಗಿಂತ ಕಡಿಮೆ, ಹಾಲೂ ಕಡಿಮೆ ಹಿಡಿಯುತ್ತದೆ. ಅದಕ್ಕೇ ಇಂಥವರಿಗೆ ತೆಳು ಟೀ ವಾಸಿ. ಹಾಲಿನ ಪುಡಿ, ಕ್ರೀಮರ್ ಪುಡಿ ಬಳಸುವವರು ಹುಷಾರು, ಕೆಲವದರಲ್ಲಿ ಫಾಸ್ಫೇಟ್ ರೂಪದಲ್ಲಿ ರಂಜಕ ಬೆರೆಸಿರುತ್ತಾರೆ, ಅದು ಮೈಗೆ ಬೇಗ ಹತ್ತುತ್ತದೆ.

ಡಯಾಲಿಸಿಸ್‌ನಲ್ಲಿರುವವರಿಗೆ ದಿನಕ್ಕೆ ಹೋಗುವ ಮೂತ್ರದ ಮೇಲೆ ಅರ್ಧ ಲೀಟರಿನಿಂದ ಒಂದು ಲೀಟರ್ ಅಷ್ಟೇ ನೀರು. ಕಾಫಿ, ಟೀ, ಮಜ್ಜಿಗೆ, ಸಾರು ಎಲ್ಲ ಅದರಲ್ಲೇ. ನಮ್ಮ ದೊಡ್ಡಮ್ಮ ಡಯಾಲಿಸಿಸ್ ಶುರುವಾದ ಮೇಲೆ ತಮ್ಮ ಲೋಟವನ್ನು ಮೇಲಿಟ್ಟು, ಪೂಜೆಯ ಸಾಮಾನಿನ ಪಕ್ಕದಲ್ಲಿದ್ದ ಒಂದು ಪುಟ್ಟ ಹಿತ್ತಾಳೆ ಲೋಟ ಇಳಿಸಿಕೊಂಡರು. 60 ಮಿ.ಲೀ. ಹಿಡಿಸುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಬಿಸಿಬಿಸಿಯಾಗಿ, ಸ್ಟ್ರಾಂಗಾಗಿ, ಗುಟುಕು ಗುಟುಕಾಗಿ ಕುಡಿಯುತ್ತಾರೆ. ಬೆಳಿಗ್ಗೆಯೇ ಒಂದು ಬಾಟಲಿಗೆ ಆ ದಿನದ ನೀರು ಅಳೆದು ತುಂಬಿ, ಕಾಫಿ ಕುಡಿದಾಗ ಅಷ್ಟೇ ಅಳತೆಯ ನೀರನ್ನು ಬಾಟಲಿಯಿಂದ ಗಿಡಕ್ಕೆ ಚೆಲ್ಲುತ್ತಾರೆ. ಉಳಿದದ್ದೆಷ್ಟು ಅಂತ ಕಣ್ಣಿಗೇ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಲೆಕ್ಕದ ವಿಧಾನ ನಾನು ನೋಡಿಲ್ಲ.

ದೊಡ್ಡ ತಪ್ಪು ನಡೆಯುವುದು ಕಾಫಿ ಬಿಟ್ಟು ಅದರ ಬದಲಿಗೆ ಏನು ಕುಡಿಯುತ್ತಾರೆ ಅನ್ನುವಲ್ಲಿ. "ಕಾಫಿ ಉಷ್ಣ, ಎಳನೀರು ತಂಪು" ಅಂತ ಕಿಡ್ನಿ ರೋಗಿಗೆ ಎಳನೀರು ಕೊಡುತ್ತಾರೆ. ಒಂದು ಎಳನೀರಿನಲ್ಲಿ 600 ಮಿ.ಗ್ರಾಂ ಮತ್ತು ಮೇಲೆ ಪೊಟ್ಯಾಸಿಯಂ. ಆರೋಗ್ಯವಂತರಿಗೆ ಅಮೃತ. ಕಾಯಿಲೆ ಮುಂದುವರಿದವರಲ್ಲಿ ರಕ್ತದ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಬಾಳೆದಿಂಡಿನ ರಸ, ಹಣ್ಣಿನ ಜ್ಯೂಸು, ಯಾರೋ ಕೊಟ್ಟ ನಾಟಿ ಕಷಾಯ ಇವೂ ಹಾಗೇ. ದಯವಿಟ್ಟು ಡಾಕ್ಟರನ್ನು ಕೇಳದೆ ಕೊಡಬೇಡಿ.

ಹೆಜ್ಜೆ 9: ಕಡಿಮೆ ಮಾಡುವ ರೀತಿ

ಒಂದೇ ದಿನಕ್ಕೆ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರು. ಒಂದೆರಡು ದಿನ ಜೋರು, ಕೆಲವರಿಗೆ ಒಂಬತ್ತು ದಿನದವರೆಗೂ ಇರುತ್ತದೆ. ಆಗ ನೋವಿನ ಮಾತ್ರೆ ನುಂಗಿದರೆ ಕಿಡ್ನಿಗೆ ಮಾಡಿದ ಉಪಕಾರ ಅಲ್ಲಿಗೇ ಹೋಯಿತು. ನಿಧಾನ ಮಾಡಿ. ಮೊದಲ ವಾರ ಸಂಜೆಯ ಲೋಟ ಬೈ-ಟೂ ಮಾಡಿ. ಮುಂದಿನ ವಾರ ಮಧ್ಯದ ಟೀ ಬಿಡಿ. ಆಮೇಲೆ 70:30 ಪುಡಿಯಿಂದ 60:40ಕ್ಕೆ ಬನ್ನಿ, ರುಚಿ ಬಣ್ಣ ಹಾಗೇ ಇದ್ದು ಕೆಫೀನ್ ಇಳಿಯುತ್ತದೆ. ಚಿಕೋರಿಯಲ್ಲೂ ಪೊಟ್ಯಾಸಿಯಂ ಇರುವುದರಿಂದ ಕಾಯಿಲೆ ಮುಂದುವರಿದವರಿಗೆ ಈ ಉಪಾಯ ಬೇಡ. ಬೆಳಗಿನ ಲೋಟವನ್ನು ಕೊನೆಯವರೆಗೂ ಮುಟ್ಟಬೇಡಿ. ಅದನ್ನು ಕಿತ್ತುಕೊಂಡರೆ ಯಾರೂ ಈ ಕೆಲಸ ಮುಗಿಸುವುದಿಲ್ಲ. ಸಂಜೆ ಬಾಯಿ ಕೇಳಿದಾಗ ಜೀರಿಗೆ, ಕೊತ್ತಂಬರಿ ಬೀಜ ಹುರಿದು ಪುಡಿ ಮಾಡಿದ ಕಷಾಯವನ್ನು ತೆಳ್ಳಗೆ ಕಾಯಿಸಿ ಕುಡಿಯಬಹುದು. ಅದರಲ್ಲಿ ಕೆಫೀನ್ ಇಲ್ಲ.

ಹೆಜ್ಜೆ 10: ಡಾಕ್ಟರ ಹತ್ತಿರ ಹೋಗುವಾಗ

ಮೂತ್ರ ನೊರೆನೊರೆಯಾಗಿ ಹೋಗಿ ಆ ನೊರೆ ಹೊತ್ತಾದರೂ ಆರದಿದ್ದರೆ, ಬೆಳಿಗ್ಗೆ ಮುಖ ಊದಿಕೊಂಡರೆ, ಸಂಜೆ ಚಪ್ಪಲಿ ಬಿಗಿಯಾಗುವಷ್ಟು ಕಾಲು ಊತ ಬಂದರೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವಂತಾದರೆ ಆ ವಾರವೇ ತೋರಿಸಿ. ಮೂತ್ರದಲ್ಲಿ ರಕ್ತ ಬಂದರೆ, ಮೂತ್ರವೇ ನಿಂತರೆ, ಉಸಿರು ಕಟ್ಟಿದರೆ, ಕಿಡ್ನಿ ಕಾಯಿಲೆಯವರಿಗೆ ಕೈಕಾಲು ಸೋತು ಎದೆ ಡವಡವ ಅಂದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ.

ಜಿಲ್ಲಾ ಆಸ್ಪತ್ರೆಯಲ್ಲಿ, ಬಹುತೇಕ ತಾಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಇದೆ. ದೊಡ್ಡ ಸಲಹೆ ಬೇಕಾದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ಸರ್ಕಾರದ್ದೇ. ಹೋಗುವಾಗ ನಿಮ್ಮ ಆ ಹಾಳೆ ತೆಗೆದುಕೊಂಡು ಹೋಗಿ: ದಿನಕ್ಕೆ ಎಷ್ಟು ಮಿ.ಗ್ರಾಂ ಕೆಫೀನ್, ಎಷ್ಟು ಚಮಚ ಸಕ್ಕರೆ, ವಾರದ ಬಿಪಿ ಅಂಕಿಗಳು, ನುಂಗುವ ಎಲ್ಲ ಮಾತ್ರೆಗಳ ಹೆಸರು, ಅಂಗಡಿಯಿಂದ ನೀವೇ ತಂದದ್ದೂ ಸೇರಿ. "ಕಾಫಿ ಕುಡೀಬಹುದಾ ಡಾಕ್ಟ್ರೇ?" ಅಂತ ಕೇಳುವ ಬದಲು "ನನ್ನ ಪೊಟ್ಯಾಸಿಯಂ ಇಷ್ಟಿದೆ, ಬಿಪಿ ಇಷ್ಟಿದೆ, ದಿನಕ್ಕೆ 150 ಮಿ.ಲೀ.ನ ಎರಡು ಲೋಟ ಕುಡಿಯುತ್ತೇನೆ, ಇದು ಸರಿಯಾ?" ಅಂತ ಕೇಳಿ. ಹೊರಗೆ ಐವತ್ತು ಜನ ಕಾಯುತ್ತಿದ್ದರೂ ಈ ಪ್ರಶ್ನೆಗೆ ಡಾಕ್ಟರು ಎರಡೇ ನಿಮಿಷದಲ್ಲಿ ಸರಿಯಾದ ಉತ್ತರ ಕೊಡಬಲ್ಲರು.